ಮಾದರಿಯಲ್ಲಿ ಅಸಲಿ ನಂಬರು ಬೇಡ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ಗೂಡಿನ ಹಣ ರೈತರ ಬ್ಯಾಂಕ್ ಖಾತೆಗೇ ಹೋಗುತ್ತದೆ. ಇಂಥ ವ್ಯವಸ್ಥೆಗಳ ತಂತ್ರಾಂಶ ಕೈಪಿಡಿಯಲ್ಲಿ ಉದಾಹರಣೆಗೆಂದು ಕೊಡುವ ಖಾತೆ, ಆಧಾರ್, ಮೊಬೈಲ್ ಸಂಖ್ಯೆಗಳು ಯಾವ ಜೀವಂತ ವ್ಯಕ್ತಿಗೂ ಸೇರಿರಬಾರದು. ಏಕೆಂದರೆ ಜನ ಉದಾಹರಣೆಯನ್ನು ಇದ್ದ ಹಾಗೇ ನಕಲು ಮಾಡುತ್ತಾರೆ.

1938ರಲ್ಲಿ ಅಮೆರಿಕದ ಲಾಕ್‌ಪೋರ್ಟ್‌ನ ಪರ್ಸು ತಯಾರಕರೊಬ್ಬರು ಪ್ರತಿ ಪರ್ಸಿನೊಳಗೆ ಸಾಮಾಜಿಕ ಭದ್ರತಾ ಕಾರ್ಡಿನ ಮಾದರಿಯೊಂದನ್ನು ಇಟ್ಟು ಮಾರಿದರು. ಅಳತೆ ಅಸಲಿಯ ಅರ್ಧ, ಅಚ್ಚು ಕೆಂಪು, ಮೇಲೆ ‘ಮಾದರಿ’ ಎಂಬ ಬರಹ ಬೇರೆ. ಆದರೆ ನಂಬರು ಮಾತ್ರ ಕಂಪನಿಯ ಅಧಿಕಾರಿಯೊಬ್ಬರ ಮಹಿಳಾ ಕಾರ್ಯದರ್ಶಿಯದೇ! 1943ರಲ್ಲಿ 5,755 ಮಂದಿ ಅದನ್ನು ತಮ್ಮದೆಂದು ಬಳಸುತ್ತಿದ್ದರು. ವರ್ಷಗಳು ಉರುಳಿದಂತೆ ಹಾಗೆ ಬಳಸಿದವರ ಒಟ್ಟು ಲೆಕ್ಕ 40,000 ದಾಟಿತು. ಆ ಕಾರ್ಯದರ್ಶಿಗೇ ಹೊಸ ನಂಬರು ಕೊಡಬೇಕಾಯಿತು.

ಅಂತರ್ಜಾಲ ಲೋಕ ಈ ಪಾಠ ಕಲಿತಿದೆ. ‘ಎಕ್ಸಾಂಪಲ್ ಡಾಟ್ ಕಾಮ್’ ವಿಳಾಸವನ್ನು 1999ರಲ್ಲೇ ಉದಾಹರಣೆಗಳಿಗಾಗಿ ಮೀಸಲಿಡಲಾಯಿತು, 192.0.2ರಿಂದ ಶುರುವಾಗುವ ಐಪಿ ವಿಳಾಸಗಳೂ ಹಾಗೆಯೇ.

ನಮ್ಮಲ್ಲೂ ದಾರಿ ಇದೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವುದಿಲ್ಲ, ಹಾಗಾಗಿ ಮಾದರಿಯನ್ನು 0ಯಿಂದಲೇ ಶುರು ಮಾಡಬಹುದು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನ ಐದನೇ ಅಕ್ಷರ ಯಾವಾಗಲೂ ಸೊನ್ನೆ. ಅಲ್ಲಿ ಬೇರೇನಾದರೂ ಬರೆದರೆ ಹಣ ಎಲ್ಲಿಗೂ ಹೋಗದು. ಪಾಸ್‌ವರ್ಡ್ ಜಾಗದಲ್ಲಿ ‘ನಿಮ್ಮ ಪಾಸ್‌ವರ್ಡ್ ಇಲ್ಲಿ’ ಎಂದು ಬರೆದರೆ ಸಾಕು.

ಮಾದರಿಯಲ್ಲಿ ಅಸಲಿ ನಂಬರು ಇರಬಾರದೆಂಬುದನ್ನು ಸರ್ಕಾರ ತಂತ್ರಾಂಶದ ಟೆಂಡರು ಕರೆಯುವಾಗಲೇ ಷರತ್ತಾಗಿ ಸೇರಿಸಬೇಕು. ಗೌರಿಬಿದನೂರು, ಚಿಂತಾಮಣಿಯ ತಾಲ್ಲೂಕು ಕಚೇರಿಗಳಲ್ಲಿ ಜನರಿಗೆ ತೋರಿಸುವ ಮಾದರಿ ಅರ್ಜಿಗಳಿಗೂ ಅದು ಅನ್ವಯಿಸಬೇಕು.