ಮೊಬೈಲ್ ಬಂದರೆ ಕಂಪ್ಯೂಟರ್ ಬಂದಂತೆಯೇ? ಬಿಎ, ಬಿಕಾಂ ವಿದ್ಯಾರ್ಥಿಗಳು ತಿಳಿದಿರಬೇಕಾದ ನಾಲ್ಕು ಸಂಗತಿಗಳು

ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಯಾವುದಾದರೂ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್ ಮುಂದೆ ಹೋಗಿ ನೋಡಿ. ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಡಿಗ್ರಿ ಓದುವ ಹುಡುಗ ಹುಡುಗಿಯರು. ಎಲ್ಲರ ಕೈಯಲ್ಲೂ ಒಳ್ಳೆಯ ಸ್ಮಾರ್ಟ್‌ಫೋನ್ ಇರುತ್ತದೆ. ರೀಲ್ಸ್ ಎಡಿಟ್ ಮಾಡಲು, ಯುಪಿಐನಲ್ಲಿ ಹಣ ಕಳಿಸಲು ಅವರಿಗೆ ಯಾರ ಸಹಾಯವೂ ಬೇಡ. ಆದರೆ 'ಫೋಟೊ 50 ಕೆಬಿಗಿಂತ ಕಡಿಮೆ ಇರಬೇಕು' ಎಂಬ ಒಂದು ಸಾಲು ಕಂಡರೆ ದುಡ್ಡು ಕೊಟ್ಟು ಬೇರೆಯವರಿಂದ ಆ ಕೆಲಸ ಮಾಡಿಸಿಕೊಳ್ಳುತ್ತಾರೆ. ಜೊತೆಗೆ ತಮ್ಮ ಪಾಸ್‌ವರ್ಡ್ ಮತ್ತು ಒಟಿಪಿಯನ್ನೂ ಹೇಳಿಬಿಡುತ್ತಾರೆ.

'ಈಗಿನ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಬೇಕಾಗಿಲ್ಲ, ಹುಟ್ಟುತ್ತಲೇ ಕಲಿತು ಬಂದಿರುತ್ತಾರೆ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಎಷ್ಟು ನಿಜ?

ಈ ನಂಬಿಕೆ ಬಂದದ್ದು ಎಲ್ಲಿಂದ?

2001ರಲ್ಲಿ ಅಮೆರಿಕದ ಮಾರ್ಕ್ ಪ್ರೆನ್ಸ್ಕಿ ಎಂಬ ಲೇಖಕರು 'ಡಿಜಿಟಲ್ ನೇಟಿವ್' ಎಂಬ ಪದವನ್ನು ಜನಪ್ರಿಯಗೊಳಿಸಿದರು. ಕಂಪ್ಯೂಟರ್, ಇಂಟರ್‌ನೆಟ್ ನಡುವೆಯೇ ಬೆಳೆದವರಿಗೆ ಅದು ಮಾತೃಭಾಷೆ ಇದ್ದಂತೆ, ಹಿರಿಯರು ಆ ನಾಡಿಗೆ ವಲಸೆ ಬಂದವರಂತೆ ಎಂಬುದು ಅವರ ವಾದ. ಕೇಳಲು ಚೆನ್ನಾಗಿದ್ದ ಈ ಹೋಲಿಕೆ ಬೇಗ ಹರಡಿತು.

ಆದರೆ ಪರೀಕ್ಷಿಸಿ ನೋಡಿದವರಿಗೆ ಕಂಡದ್ದು ಬೇರೆ. ಶಾಲಾ ಮಕ್ಕಳ ಕಂಪ್ಯೂಟರ್ ಮತ್ತು ಮಾಹಿತಿ ಸಾಕ್ಷರತೆಯನ್ನು ಅಳೆಯುವ ಐಸಿಲ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2013 ಮತ್ತು 2018ರಲ್ಲಿ ಹಲವು ದೇಶಗಳಲ್ಲಿ ನಡೆಯಿತು. ಅದರಲ್ಲಿ ಅತಿ ಮೇಲಿನ ಹಂತ ಮುಟ್ಟಿದ ಮಕ್ಕಳು ನೂರಕ್ಕೆ ಸುಮಾರು ಇಬ್ಬರು ಮಾತ್ರ. ಮಕ್ಕಳ ಕೈಗೆ ಸಾಧನ ಕೊಟ್ಟ ಮಾತ್ರಕ್ಕೆ ಕೌಶಲ ಬರುವುದಿಲ್ಲ ಎಂಬುದನ್ನು ಈ ಅಧ್ಯಯನ ತೋರಿಸಿತು.

ನಮ್ಮಲ್ಲಿ 2023ರ 'ಅಸರ್' ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಯುವಜನರನ್ನು ಭೇಟಿ ಮಾಡಿತ್ತು. ಅವರಲ್ಲಿ ನೂರಕ್ಕೆ ಸುಮಾರು 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅದನ್ನು ಬಳಸಲೂ ಬರುತ್ತಿತ್ತು. ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇದ್ದ ಮನೆಗಳು ಮಾತ್ರ ತೀರಾ ಕಡಿಮೆ. ಅಂದರೆ ಈಗ ಡಿಗ್ರಿಗೆ ಬರುತ್ತಿರುವ ಬಹಳಷ್ಟು ಮಂದಿಗೆ ಮೊದಲ ಕಂಪ್ಯೂಟರ್ ಎಂದರೆ ಮೊಬೈಲೇ.

ಮೊಬೈಲ್ ಏನನ್ನು ಬಚ್ಚಿಡುತ್ತದೆ?

ಮೊಬೈಲ್ ಕೂಡ ಕಂಪ್ಯೂಟರೇ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಬಳಸುವವರಿಗೆ ತಿಳಿಯುವ ಅಗತ್ಯವೇ ಬಾರದಂತೆ ಅದನ್ನು ರೂಪಿಸಲಾಗಿದೆ. 2007ರಲ್ಲಿ ಬಂದ ಐಫೋನಿಗೆ 'ಫೈಲ್ಸ್' ಎಂಬ ಆ್ಯಪ್ ಸೇರಿದ್ದು 2017ರಲ್ಲಿ. ಫೋಟೊ ಬೇಕೆಂದರೆ ಗ್ಯಾಲರಿ, ಹಾಡು ಬೇಕೆಂದರೆ ಹಾಡಿನ ಆ್ಯಪ್. ಆ ಫೋಟೊ, ಆ ಹಾಡು ಎಲ್ಲಿ ಕೂತಿದೆ ಎಂದು ಯಾರೂ ಕೇಳುವುದಿಲ್ಲ.

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಫೋಲ್ಡರ್ ಎಂದರೇನು ಎಂದೇ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತಿಲ್ಲ ಎಂದು ಅಮೆರಿಕದ ವಿಜ್ಞಾನ ಪ್ರಾಧ್ಯಾಪಕರು ಹೇಳಿದ್ದನ್ನು 2021ರಲ್ಲಿ 'ದ ವರ್ಜ್' ಜಾಲತಾಣ ವರದಿ ಮಾಡಿತ್ತು. ಅವರು ದಡ್ಡರೆಂದಲ್ಲ. ಯಾವ ಫೈಲ್ ಬೇಕಾದರೂ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ ಎಂಬ ಕಾಲದಲ್ಲಿ ಬೆಳೆದವರು, ಅಷ್ಟೆ.

ಹಾಗಾದರೆ ತಾಂತ್ರಿಕ ವಿಷಯ ಓದದ ವಿದ್ಯಾರ್ಥಿಗೆ ಕಂಪ್ಯೂಟರನ್ನು ಪರಿಚಯಿಸುವಾಗ ಎಲ್ಲಿಂದ ಶುರು ಮಾಡಬೇಕು? ಈ ನಾಲ್ಕು ಪ್ರಶ್ನೆಗಳಿಂದ ಶುರು ಮಾಡಬಹುದು.

1. ನನ್ನ ಫೈಲ್ ಎಲ್ಲಿದೆ?

ಮನೆಯ ಬೀರು, ಅದರೊಳಗೆ ಖಾನೆ, ಖಾನೆಯೊಳಗೆ ಕವರ್, ಕವರ್‌ನಲ್ಲಿ ಮಾರ್ಕ್ಸ್ ಕಾರ್ಡ್. ಕಂಪ್ಯೂಟರಿನ ಫೋಲ್ಡರುಗಳೂ ಹೀಗೆಯೇ ಒಂದರೊಳಗೊಂದು ಇರುತ್ತವೆ. ಡೌನ್‌ಲೋಡ್ ಮಾಡಿದ ಹಾಲ್ ಟಿಕೆಟ್ ಸಾಮಾನ್ಯವಾಗಿ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ ಇರುತ್ತದೆ. ಅಲ್ಲಿಂದ ತೆಗೆದು ಗುರುತು ಸಿಗುವ ಹೆಸರು ಕೊಟ್ಟು ಬೇರೆ ಕಡೆ ಇಡುವುದು ಮೊದಲ ಪಾಠ.

ಫೈಲ್ ನಮ್ಮ ಮೊಬೈಲಿನಲ್ಲಿದೆಯೋ, ಕ್ಲೌಡ್‌ನಲ್ಲಿದೆಯೋ ಎಂಬುದು ಎರಡನೆಯ ಪಾಠ. ಕ್ಲೌಡ್ ಎಂದರೆ ಮೋಡವಲ್ಲ, ಯಾವುದೋ ಕಂಪನಿಯ ಕಂಪ್ಯೂಟರ್. ಗೂಗಲ್ ಖಾತೆಗೆ ಉಚಿತವಾಗಿ ಸಿಗುವ ಜಾಗ 15 ಜಿಬಿ. 'ಬ್ಯಾಕಪ್ ಆಗಿದೆಯಲ್ಲ' ಎಂದು ಗೂಗಲ್ ಫೋಟೋಸ್ ಆ್ಯಪಿನಲ್ಲೇ ಫೋಟೊ ಡಿಲೀಟ್ ಮಾಡಿದರೆ ಅದು ಎರಡೂ ಕಡೆಯಿಂದ ಹೋಗುತ್ತದೆ. ಬ್ಯಾಕಪ್ ಆದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನ ಉಳಿಯುತ್ತದೆ, ಆಮೇಲೆ ಸಿಗುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಜಾಗ ಖಾಲಿ ಮಾಡಲು 'ಫ್ರೀ ಅಪ್ ಸ್ಪೇಸ್' ಎಂಬ ಬೇರೆಯೇ ಆಯ್ಕೆ ಇದೆ.

2. ಅದು ಎಷ್ಟು ದೊಡ್ಡದು?

ಈಗ ಆ 50 ಕೆಬಿ ಫೋಟೊ ವಿಚಾರಕ್ಕೆ ಬರೋಣ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1.2 ಕೋಟಿ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಯ ಬಣ್ಣ ಬರೆದಿಡಲು 3 ಬೈಟ್ ಎಂದರೂ 3.6 ಕೋಟಿ ಬೈಟ್, ಅಂದರೆ 36 ಎಂಬಿ ಬೇಕು. ಜೆಪೆಗ್ ಎಂಬ ವಿಧಾನ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟು ಅದನ್ನು ಕೆಲವೇ ಎಂಬಿಗೆ ಇಳಿಸುತ್ತದೆ.

ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಐಬಿಪಿಎಸ್ ಕೇಳುವುದು 200 ಅಡ್ಡ, 230 ಉದ್ದದ ಫೋಟೊ. ಗುಣಿಸಿದರೆ ಬರೀ 46,000 ಚುಕ್ಕಿ. ಲಕ್ಷಾಂತರ ಅರ್ಜಿಗಳನ್ನು ಇಟ್ಟುಕೊಳ್ಳಬೇಕಾದವರಿಗೆ ಸ್ಟ್ಯಾಂಪ್ ಗಾತ್ರದ ಚಿತ್ರ ಸಾಕು, ದೊಡ್ಡದು ಹೊರೆ. ಆದ್ದರಿಂದ 'ಕೆಬಿ ಕಡಿಮೆ ಮಾಡುವುದು' ಎಂದರೆ ಚುಕ್ಕಿಗಳನ್ನು ಕಡಿಮೆ ಮಾಡುವುದು ಅಥವಾ ಇನ್ನಷ್ಟು ಒತ್ತಿ ಹಿಡಿಸುವುದು. ವಿಂಡೋಸ್‌ನ ಪೇಂಟ್ ತಂತ್ರಾಂಶದಲ್ಲಿ 'ರಿಸೈಜ್' ಒತ್ತಿದರೆ ಎರಡು ನಿಮಿಷದ ಕೆಲಸ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮಾರ್ಕ್ಸ್ ಕಾರ್ಡ್ ಮಸುಕಾಗುವುದೂ ಇದೇ ಕಾರಣಕ್ಕೆ. ಅದು ಫೋಟೊಗಳನ್ನು ಕುಗ್ಗಿಸಿ ಕಳಿಸುತ್ತದೆ. 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿದರೆ ಮೂಲ ಹೇಗಿತ್ತೋ ಹಾಗೆಯೇ ತಲುಪುತ್ತದೆ.

3. ಕಂಪ್ಯೂಟರಿಗೆ ಕನ್ನಡ ಗೊತ್ತೇ?

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಜಗತ್ತಿನ ಲಿಪಿಗಳಿಗೆಲ್ಲ ಒಪ್ಪಿಕೊಂಡ ಪಟ್ಟಿಯೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನಮ್ಮ ಲಿಪಿಗೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ: ಮೂರು ವ್ಯಂಜನ, ಎರಡು ಒತ್ತಿನ ಗುರುತು, ಒಂದು ದೀರ್ಘ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ, ಕನ್ನಡದ 70 ಸಂಕೇತ ಮಾತ್ರ ಹಿಡಿಯುವುದಕ್ಕೆ ಕಾರಣವೂ ಈ ಲೆಕ್ಕವೇ. ಅಲ್ಲಿ ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಕನ್ನಡದ ಸಂಕೇತಕ್ಕೆ 16 ಬಿಟ್ ಬೇಕು.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅಸೈನ್‌ಮೆಂಟ್ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದುಂಟು. ಅದು ವೈರಸ್ ಅಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಯೂನಿಕೋಡ್ ಬಳಸದೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪ ಹೊದಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಹೊದಿಕೆ ಜಾರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ ಅಥವಾ ಪಿಡಿಎಫ್ ಮಾಡಿಸಿಕೊಳ್ಳಿ.

4. ಈ ಖಾತೆ ಯಾರದು?

ನಾಲ್ಕರಲ್ಲಿ ಹೆಚ್ಚು ನಷ್ಟ ತರಬಲ್ಲದ್ದು ಇದು. ಅವಸರದಲ್ಲಿ ಬೇರೆಯವರು ತಮ್ಮ ಮೊಬೈಲ್ ನಂಬರ್ ಹಾಕಿ ನಿಮಗೆ ಇಮೇಲ್ ಖಾತೆ ತೆರೆದುಕೊಟ್ಟರೆ, ಪಾಸ್‌ವರ್ಡ್ ಮರೆತ ದಿನ ಒಟಿಪಿ ಹೋಗುವುದು ಅವರಿಗೆ. ಕೆಲಸದ ಕರೆ, ಪರೀಕ್ಷೆಯ ಸೂಚನೆ ಎಲ್ಲವೂ ಆ ಮೇಲ್‌ಗೇ ಬರುತ್ತಿದ್ದರೆ ಏನಾಗಬಹುದು ಊಹಿಸಿ. ಮರುಪಡೆಯುವ ನಂಬರ್ ನಿಮ್ಮದೇ ಎಂದು ಇಂದೇ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ಲ್ಯಾಬ್ ಅಥವಾ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಕಿಟಕಿ ಮುಚ್ಚಿದರೆ ಲಾಗ್‌ಔಟ್ ಆದಂತಲ್ಲ. ಅಲ್ಲಿ ಇನ್‌ಕಾಗ್ನಿಟೊ ಕಿಟಕಿ ಬಳಸುವುದು ಒಳ್ಳೆಯದು, ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಲಾಗಿನ್ ಅಳಿಸಿಹೋಗುತ್ತದೆ. ಆದರೆ ಅದು ನಿಮ್ಮನ್ನು ಅದೃಶ್ಯ ಮಾಡುವುದಿಲ್ಲ, ಯಾವ ತಾಣಕ್ಕೆ ಹೋದಿರಿ ಎಂಬುದು ಕಾಲೇಜಿನ ನೆಟ್‌ವರ್ಕಿಗೆ ಕಾಣಬಹುದು. ಡೌನ್‌ಲೋಡ್ ಮಾಡಿದ ಫೈಲ್ ಕೂಡ ಅಲ್ಲೇ ಉಳಿಯುತ್ತದೆ.

'ಬೀಗದ ಚಿಹ್ನೆ ಇದ್ದರೆ ಅಸಲಿ ವೆಬ್‌ಸೈಟ್' ಎಂಬ ಫಾರ್ವರ್ಡ್ ಕೂಡ ತಪ್ಪು. ದಾರಿಯಲ್ಲಿ ಯಾರೂ ಇಣುಕಲಾರರು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಬೀಗವನ್ನು ಬದಲಿಸಿತು. ಬದಲಿಗೆ ವಿಳಾಸವನ್ನು ಓದಿ. ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗ ಯಾವುದರಲ್ಲಿ ಮುಗಿಯುತ್ತದೆ ಎಂಬುದು ಮುಖ್ಯ. ಕರ್ನಾಟಕದ ಸ್ಕಾಲರ್‌ಶಿಪ್ ತಾಣ 'ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತದೆ. ಹೆಸರಿನಲ್ಲಿ ಎಲ್ಲೋ 'ಕರ್ನಾಟಕ', 'ಸ್ಕಾಲರ್‌ಶಿಪ್' ಎಂಬ ಪದಗಳಿದ್ದ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ.

ಕಾಲೇಜು ಏನು ಕಲಿಸುತ್ತಿದೆ?

ಹಿಂದಿನ ಕಂಪ್ಯೂಟರ್ ಪಾಠ ಎಂದರೆ ಕಂಪ್ಯೂಟರಿನ ಪಿತಾಮಹ ಯಾರು, ಸಿಪಿಯು ವಿಸ್ತೃತ ರೂಪವೇನು, ತಲೆಮಾರುಗಳೆಷ್ಟು ಎಂಬ ಬಾಯಿಪಾಠ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದ ಪದವಿ ಪಠ್ಯ ಬದಲಾದಾಗ ಕಲೆ, ವಾಣಿಜ್ಯದವರಿಗೂ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪತ್ರಿಕೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಅದರ ಮುಖ್ಯ ಅಧ್ಯಾಯಗಳು ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಐಒಟಿ. ತನ್ನ ಫೈಲ್ ಎಲ್ಲಿದೆ ಎಂದು ತಿಳಿಯದ ವಿದ್ಯಾರ್ಥಿಗೆ ಬಿಗ್ ಡೇಟಾ ಕೂಡ ಮತ್ತೊಂದು ಬಾಯಿಪಾಠವೇ. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯ ಎಷ್ಟೇ ಬದಲಾದರೂ ಈ ಮೊದಲ ಮೆಟ್ಟಿಲು ಬದಲಾಗುವುದಿಲ್ಲ.

ಕಲಿಯಲು ಗಣಿತ, ಇಂಗ್ಲಿಷ್ ಚೆನ್ನಾಗಿರಬೇಕು ಎಂಬ ಭಯವೂ ಬೇಡ. ಮೇಲಿನ ಯಾವ ಸಂಗತಿಗೂ ಗುಣಾಕಾರಕ್ಕಿಂತ ಹೆಚ್ಚಿನ ಗಣಿತ ಬೇಕಾಗಲಿಲ್ಲ, ಎಲ್ಲವನ್ನೂ ಕನ್ನಡದಲ್ಲೇ ಹೇಳಲು ಸಾಧ್ಯವಾಯಿತು. ಹಾಗೆಯೇ ಡೆಸ್ಕ್‌ಟಾಪ್‌ನಲ್ಲಿ ಪದೇಪದೇ 'ರಿಫ್ರೆಶ್' ಒತ್ತಿದರೆ ಕಂಪ್ಯೂಟರ್ ವೇಗವಾಗುವುದಿಲ್ಲ. ತೆರೆಯ ಮೇಲಿನ ಚಿತ್ರಗಳ ಪಟ್ಟಿ ಹೊಸದಾಗುತ್ತದೆ, ಅಷ್ಟೆ.

ಮನೆಯಲ್ಲೇ ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಡಿಗ್ರಿ ಓದುವ ತಮ್ಮನೋ ತಂಗಿಯೋ ಇದ್ದರೆ ಈ ಐದು ಕೆಲಸ ಕೊಡಿ. ಎಲ್ಲವನ್ನೂ ಮೊಬೈಲಿನಲ್ಲೇ ಶುರು ಮಾಡಬಹುದು, ಕಾಲೇಜಿನ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿದರಾಯಿತು.

- ಒಂದು ಪಿಡಿಎಫ್ ಇಳಿಸಿಕೊಂಡು, ಹೆಸರು ಬದಲಿಸಿ, ಹೊಸ ಫೋಲ್ಡರಿನಲ್ಲಿ ಇಡುವುದು.
- ತನ್ನ ಫೋಟೊವನ್ನು 50 ಕೆಬಿಗಿಂತ ಚಿಕ್ಕದು ಮಾಡುವುದು.
- ಯೂನಿಕೋಡ್ ಕನ್ನಡದಲ್ಲಿ ಒಂದು ಪುಟ ಬರೆದು ಪಿಡಿಎಫ್ ಮಾಡುವುದು.
- ಅದನ್ನು ವಿಷಯ ಸಾಲು ಬರೆದು ಇಮೇಲ್‌ನಲ್ಲಿ ಲಗತ್ತಿಸಿ ಕಳಿಸುವುದು.
- ಖಾತೆಯ ಮರುಪಡೆಯುವ ನಂಬರ್ ಪರೀಕ್ಷಿಸಿ, ಎರಡು ಹಂತದ ಭದ್ರತೆ ಹಾಕುವುದು.

ಐದನ್ನೂ ಯಾರ ಸಹಾಯವಿಲ್ಲದೆ ಮಾಡಬಲ್ಲವರು ಮುಂದಿನ ಸಲ ಸೈಬರ್ ಸೆಂಟರಿಗೆ ಹೋದರೂ ಪ್ರಿಂಟ್ ತೆಗೆಸಿಕೊಂಡು ಬರುತ್ತಾರೆ. ಪಾಸ್‌ವರ್ಡ್ ಮಾತ್ರ ಬಿಟ್ಟುಬರುವುದಿಲ್ಲ.