ಅದು ಕೆರೆ ಅಲ್ಲ ಗುರು

ಕಳೆದ ವಾರ ಆಫೀಸಿನ ಗೆಳೆಯನೊಬ್ಬ ಲ್ಯಾಪ್‌ಟಾಪಿಗೆ ಹೊಸ ವಾಲ್‌ಪೇಪರ್ ಹಾಕಿಕೊಂಡ. ಸುತ್ತ ಹಸಿರು ಗುಡ್ಡ, ನಡುವೆ ಕಿತ್ತಳೆ, ಬೂದು, ಪಾಚಿ ಬಣ್ಣಗಳ ಕೆರೆ, ಅದರೊಳಗಿಂದ ಮೇಲೆದ್ದ ಒಂದು ಚರ್ಚಿನ ಗೋಪುರ. ‘ಹೆಂಗಿದೆ ಮಗಾ? ರೊಮೇನಿಯಾ. ಒಂದ್ಸಲ ಹೋಗ್ಬೇಕು’ ಅಂದ.

‘ಅದು ಕೆರೆ ಅಲ್ಲ ಗುರು. ತಾಮ್ರದ ಗಣಿಯ ಕೊಳಕು ಸುರಿಯೋ ಗುಂಡಿ. ಕೆಳಗೆ ಒಂದು ಊರಿದೆ’ ಅಂದೆ.

ಊರಿನ ಹೆಸರು ಜಾಮನ, ಅಪುಸೆನಿ ಬೆಟ್ಟಸಾಲಿನ ಒಂದು ಕಣಿವೆಯಲ್ಲಿತ್ತು. ಹತ್ತಿರದ ರೊಶಿಯಾ ಪೊಯೆನಿಯಲ್ಲಿ ತಾಮ್ರದ ಅದಿರು ಅರೆದ ಮೇಲೆ ಉಳಿಯೋ ಕೆಸರನ್ನು ಎಲ್ಲಿ ಹಾಕೋದು? 1970ರ ದಶಕದ ಕೊನೆಯಲ್ಲಿ ಚೌಶೆಸ್ಕು ಸರ್ಕಾರ ಈ ಕಣಿವೆಯನ್ನು ಆರಿಸಿತು. ಸುಮಾರು 400 ಕುಟುಂಬಗಳನ್ನು ಎಬ್ಬಿಸಿದರು. ಮನೆ, ಹೊಲ, ಸ್ಮಶಾನ ಎಲ್ಲ ಮುಳುಗಿದವು. ಸರ್ವಾಧಿಕಾರಿ 1989ರಲ್ಲಿ ಹೋದ. ಗಣಿ ಮಾತ್ರ ಹೋಗಲಿಲ್ಲ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ. ಆದ್ರೂ ಡೆವಲಪ್‌ಮೆಂಟ್ ಬೇಕಲ್ವಾ? ಬಡವರ ಊರಿಗೆ ಬೇರೆ ಯಾರು ಕೆಲಸ ಕೊಡ್ತಾರೆ?’ ಅಂದ.

ನನ್ನ ಜಗಳ ಇರೋದು ಈ ಪ್ರಶ್ನೆಯ ಜೊತೆ. ಊರು ಬಡವಾಗಿದ್ದು ಹೇಗೆ ಅಂತ ಇದು ಕೇಳೋದೇ ಇಲ್ಲ.

ಜಾಮನದಿಂದ ಕೆಲವೇ ಕಿಲೋಮೀಟರ್ ದೂರದ ರೊಶಿಯಾ ಮೊಂಟಾನ ನೋಡಿ. ಅಲ್ಲಿ ರೋಮನ್ನರ ಕಾಲದಿಂದ ಚಿನ್ನ ತೆಗೆದಿದ್ದಾರೆ. ಕ್ರಿ.ಶ. 131ರ ಮೇಣದ ಹಲಗೆಯೊಂದರ ಮೇಲೆ ಊರಿನ ಹಳೆಯ ಹೆಸರಿದೆ. ಮುಂದೆ ತಲೆಮಾರುಗಟ್ಟಲೆ ಊರಿನ ಕುಟುಂಬಗಳೇ ಸಣ್ಣಪುಟ್ಟ ಗಣಿ ನಡೆಸಿಕೊಂಡಿದ್ದವು. 1948ರಲ್ಲಿ ಸರ್ಕಾರ ಅವನ್ನೆಲ್ಲ ಕಿತ್ತುಕೊಂಡಿತು, ಆಮೇಲೆ ಬೆಟ್ಟವನ್ನೇ ಅಗೆಯತೊಡಗಿತು. ಸರ್ವಾಧಿಕಾರ ಮುಗಿದ ಮೇಲೆ ಕೆನಡಾದ ಗೇಬ್ರಿಯಲ್ ರಿಸೋರ್ಸಸ್ ಬಂತು. ನಾಲ್ಕು ಭಾರಿ ತೆರೆದ ಗಣಿ, ಚಿನ್ನ ಬಿಡಿಸೋಕೆ ಸೈನೈಡ್, ಪಕ್ಕದ ಕೊರ್ನಾ ಕಣಿವೆ ತುಂಬ ಕೆಸರು. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ ಇದನ್ನು ವಿವರಿಸೋದು ಬೇಡ.

ಅಸಲಿ ಆಟ ಕೇಳಿ. 2002ರಲ್ಲಿ ಯೋಜನೆಯ ಪ್ರದೇಶವನ್ನು ‘ಏಕ ಉದ್ಯಮ ವಲಯ’ ಮಾಡಿದರು. ಅಂದರೆ ಅಲ್ಲಿ ಗಣಿ ಬಿಟ್ಟು ಬೇರೆ ದಂಧೆಗೆ ದಾರಿ ಇಲ್ಲ. 2006ರಲ್ಲಿ ಸರ್ಕಾರಿ ಗಣಿಯೂ ಮುಚ್ಚಿತು. ಆಮೇಲೆ ‘ನೋಡಿ, ಇವರಿಗೆ ಬೇರೆ ಕೆಲಸವೇ ಇಲ್ಲ, ಗಣಿ ಕೊಡಿ’ ಅಂದರು. ಬಾಗಿಲಿಗೆ ಬೀಗ ಜಡಿದು, ಒಳಗಿರೋನು ಸೋಮಾರಿ ಅಂದ ಹಾಗೆ!

ಗಣಿ ಬೇಕು ಅಂದ ಊರಿನವರೂ ಇದ್ದರು, ಸುರಂಗದೊಳಗೆ ಕೂತು ಧರಣಿ ಮಾಡಿದರು. ಅವರ ಹಸಿವು ಸುಳ್ಳಲ್ಲ. ಆದರೆ ಒಂದೇ ಬಾಗಿಲು ತೆರೆದಿಟ್ಟು ‘ಅವರೇ ಇಷ್ಟಪಟ್ಟು ಬಂದರು’ ಅನ್ನೋದು ಯಾವ ನ್ಯಾಯ? ಸೈನೈಡ್ ಭಯವೂ ಕಟ್ಟುಕಥೆ ಅಲ್ಲ. 2000ದ ಜನವರಿಯಲ್ಲಿ ಅದೇ ದೇಶದ ಬಾಯಾ ಮಾರೆ ಬಳಿ ಕಟ್ಟೆ ಒಡೆದು ಸುಮಾರು 1 ಲಕ್ಷ ಘನಮೀಟರ್ ವಿಷದ ನೀರು ನದಿಗೆ ಸೇರಿ, ಹಂಗೇರಿಯವರೆಗೂ ಮೀನು ಸತ್ತು ತೇಲಿದವು.

2013ರಲ್ಲಿ ಸಾವಿರಾರು ಜನ ಬುಕಾರೆಸ್ಟಿನ ಬೀದಿಗಿಳಿದರು. ನಮ್ಮ ಹಾಗೇ ಲ್ಯಾಪ್‌ಟಾಪ್ ಹೊತ್ತು ಆಫೀಸಿಗೆ ಹೋಗೋರೂ ಅದರಲ್ಲಿದ್ದರು. ಗಣಿಗಾಗಿ ತಂದಿದ್ದ ವಿಶೇಷ ಮಸೂದೆ ಬಿದ್ದುಹೋಯಿತು. 2021ರಲ್ಲಿ ಊರು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಕಂಪನಿ ಹೂಡಿದ್ದ ಪರಿಹಾರದ ದಾವೆಯನ್ನು 2024ರಲ್ಲಿ ರೊಮೇನಿಯಾ ಗೆದ್ದಿತು. ಪಟ್ಟಿ ಸೇರಿದ ಮಾತ್ರಕ್ಕೆ ಹೊಟ್ಟೆ ತುಂಬಲ್ಲ, ಒಪ್ಪುತ್ತೇನೆ. ಆದರೆ ಊರು ಇನ್ನೂ ಇದೆ. ಇದ್ದರೆ ತಾನೇ ಬೇರೆ ದಾರಿ ಹುಡುಕೋದು? ಜಾಮನಕ್ಕೆ ಆ ಅವಕಾಶವೂ ಉಳಿದಿಲ್ಲ.

ತಾಮ್ರ ಬೇಡ ಅಂತ ನಾನು ಹೇಳ್ತಿಲ್ಲ. ಇದನ್ನು ಬರೀತಿರೋ ಲ್ಯಾಪ್‌ಟಾಪಿನ ಚಾರ್ಜರ್ ತುಂಬ ಅದೇ ಇದೆ. ಆದರೆ ಅದರ ಬೆಲೆ ಕೊಟ್ಟವರು ನಾವಲ್ಲ. ‘ಯಾರಾದ್ರೂ ತ್ಯಾಗ ಮಾಡ್ಲೇಬೇಕು’ ಅಂತ ಮೀಟಿಂಗ್ ರೂಮಿನ ಎಸಿಯಲ್ಲಿ ಕೂತು ಹೇಳೋ ಮೊದಲು, ಆ ‘ಯಾರಾದ್ರೂ’ ಯಾರು, ಅವರನ್ನು ಯಾರು ಕೇಳಿದರು ಅನ್ನೋದನ್ನಾದರೂ ತಿಳ್ಕೊಳ್ಳೋಣ.

ಗೆಳೆಯ ವಾಲ್‌ಪೇಪರ್ ಬದಲಿಸಿಲ್ಲ. ಇರಲಿ ಬಿಡಿ. ಮೊನ್ನೆ ಯಾರೋ ‘ಯಾವ ಕೆರೆ ಇದು?’ ಅಂದಾಗ ‘ಕೆರೆ ಅಲ್ಲ, ಊರು’ ಅಂದ.