ಚಪ್ಪಲಿಗೆ ಜಿಐ ಸಿಕ್ತು, ಹೊಲಿಯೋನಿಗೆ ಏನ್ ಸಿಕ್ತು?



ಆಫೀಸಿನ್ಯಾಗ ಚಹಾ ಕುಡಿಯೋವಾಗ ಒಬ್ಬರು ಅಂದ್ರು: "ಪ್ರಾಡಾ ಕಂಪನಿ ನಮ್ಮ ಕೊಲ್ಹಾಪುರಿ ಚಪ್ಪಲಿ ಕದ್ದು ಸಿಕ್ಕಿಬಿತ್ತಲ್ರೀ, ಈಗ ನಿಮ್ಮಂದಿಗೆ ಸುಗ್ಗಿ ಬಿಡ್ರಿ!" ಚಪ್ಪಲಿ 'ನಮ್ಮದು', ಹೊಲಿಯೋರು 'ನಿಮ್ಮಂದಿ'. ಬೌದ್ಧಿಕ ಆಸ್ತಿಯ ಇಡೀ ಚರ್ಚೆ ಈ ಒಂದು ಮಾತಿನ್ಯಾಗ ಐತಿ.

2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಶೋದಾಗ ಆ ಕಂಪನಿ ಈ ಚಪ್ಪಲಿ ತೋರಿಸ್ತು, ಕೊಲ್ಹಾಪುರದ ಹೆಸರೂ ಹೇಳಲಿಲ್ಲ. ಗದ್ದಲ ಆತು. ಮಹಾರಾಷ್ಟ್ರದವರು ನಮ್ಮದು ಅಂದ್ರು. ನಮ್ಮ ಮಂತ್ರಿ ಪ್ರಿಯಾಂಕ್ ಖರ್ಗೆಯವರು ಬೆಳಗಾವಿ, ಬಾಗಲಕೋಟೆ, ಧಾರವಾಡದ ಕುಶಲಕರ್ಮಿಗಳನ್ನ ನೆನಪಿಸಿದ್ರು. ಅದು ಖರೇನ. ಜಿಐ ಪಟ್ಟಿಯಲ್ಲಿ ಆ ಕಡೆ ನಾಲ್ಕು ಜಿಲ್ಲೆ, ಈ ಕಡೆ ನಾಲ್ಕು. ಬಾಗಲಕೋಟೆ ಅಂದ್ರ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿನೂ ಬಂತು.

ಆದ್ರ ಮಾಲೀಕರು ಯಾರು? ಎರಡು ಸರ್ಕಾರಿ ಚರ್ಮ ನಿಗಮಗಳು, ಅಲ್ಲಿ ಲಿಡ್‌ಕಾಮ್, ಇಲ್ಲಿ ಲಿಡ್ಕರ್. 1999ರ ಜಿಐ ಕಾಯ್ದೆ ಪ್ರಕಾರ ಹೊಲಿಯೋನು 'ಅಧಿಕೃತ ಬಳಕೆದಾರ' ಆಗಬೇಕಂದ್ರ ಬೇರೇನ ಅರ್ಜಿ ಹಾಕಬೇಕು. ಕೆಲ ವಕೀಲರು ಪ್ರಾಡಾ ಮೇಲೆ ಹಾಕಿದ್ದ ಅರ್ಜಿಯನ್ನ ಬಾಂಬೆ ಹೈಕೋರ್ಟ್ ಅದೇ ಜುಲೈನಲ್ಲಿ ವಜಾ ಮಾಡ್ತು. ನೀವು ನೋಂದಾಯಿತ ಮಾಲೀಕರಲ್ಲ ಅಂತು. ಸರಿ. ಮಾಲೀಕರು ಏನ್ ಮಾಡಿದ್ರು? ಡಿಸೆಂಬರ್‌ನಲ್ಲಿ ಅದೇ ಕಂಪನಿ ಜೊತೆ ಒಪ್ಪಂದಕ್ಕ ಸಹಿ ಹಾಕಿದ್ರು. 2,000 ಜೋಡಿ, ಒಂದರ ಬೆಲೆ ಸುಮಾರು 800 ಯೂರೋ, ಅಂದ್ರ 80 ಸಾವಿರ ರೂಪಾಯಿಗೂ ಮ್ಯಾಲೆ. ಒಪ್ಪಂದ ಬ್ಯಾಡ ಅಂತ ನಾ ಅನ್ನಲ್ಲ, ನಮ್ಮವರಿಗೆ ಕೆಲಸ ಸಿಗಲಿ. ಜೋಡಿಗೆ ಹೊಲಿದವನ ಕೈಗೆ ಎಷ್ಟು? ಅದನ್ನ ಕನ್ನಡದಾಗ ಬರೆದು ಗೋಡೆಗೆ ಅಂಟಿಸ್ರಿ.

'ಭೌಗೋಳಿಕ ಸೂಚಿ' ಅಂತಾರ. ಊರಿನ ಭೂಗೋಳದಾಗ ನಮ್ಮ ಕೇರಿ ಎಲ್ಲೈತಿ ಅಂತ ಎಲ್ಲಾರಿಗೂ ಗೊತ್ತು. ಜಾಲಿ ತೊಗಟೆ, ಅಳಲೆಕಾಯಿ ನೀರಿನ್ಯಾಗ ತೊಗಲು ಹದ ಮಾಡಿದವರು ಸಮಗಾರರು, ಢೋರರು. ಆ ವಾಸನಿಗೇ ಮೂಗು ಮುಚ್ಚಿ ದೂರ ಇಟ್ರಿ. ಈಗ ಅದೇ ತೊಗಲು ವಿಮಾನ ಹತ್ತಿದ ಮ್ಯಾಲೆ 'ಪರಂಪರೆ' ಆತು! ಪ್ರಮಾಣಪತ್ರದಾಗ ಜಿಲ್ಲೆಗಳಿಗೆ ಹಕ್ಕು ಸಿಕ್ತು. ಜಾತಿ ಕಾರಣಕ್ಕ ಈ ಕಸುಬಿಗೆ ಕಟ್ಟಿಹಾಕಿಸಿಕೊಂಡವರಿಗೆ ಬರೇ ಹೊಗಳಿಕೆ. ವೇಣಿ ಹೆಣೆಯೋ ನಮ್ಮ ಅಕ್ಕ-ಅವ್ವಂದಿರ ಲೆಕ್ಕನಂತೂ ಯಾರೂ ಇಟ್ಟಿಲ್ಲ. ಕಲ್ಯಾಣದ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಕೆರ ಮಾಡಿದ ಕಥಿ ಎಲ್ಲಾ ವೇದಿಕೆ ಮ್ಯಾಲೂ ಕೇಳ್ತೀವಿ. ಅವನ ಮಗನಿಗೆ ಮಧುವರಸನ ಮಗಳನ್ನ ಕೊಟ್ಟಾಗ ಏನಾತು ಅನ್ನೋ ಕಡೆ ಬಂದ್ರ ಭಾಷಣಕಾರರ ದನಿ ಸಣ್ಣಗಾಗ್ತದ.

ಅರ್ಜಿ ಶುಲ್ಕ ಮೊದಲು 500 ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಹಂಗಾದ್ರ ತಡಿ ಎಲ್ಲೈತಿ? ನಾ ಗುಮಾಸ್ತ, ನಮೂನೆ ಓದೋದೇ ನನ್ನ ಕೆಲಸ. ಇಂಗ್ಲಿಷು, ಅಫಿಡವಿಟ್ಟು, ನೀನೇ ಉತ್ಪಾದಕ ಅನ್ನೋ ವಿವರಣೆ, ಮಾಲೀಕ ನಿಗಮಕ್ಕೊಂದು ಪ್ರತಿ. ತೊಗಲು ಉದ್ರಿ ತಂದು, ಸಾವುಕಾರ ಕೊಟ್ಟಷ್ಟಕ್ಕ ಮಾಲು ಹಾಕೋ ಅಣ್ಣ ಯಾವ ಬಿಲ್ಲು ತರ್ತಾನ? ಒಂದು ಕಾಗದ ಕಡಿಮೆ ಬಿದ್ರ ಅರ್ಜಿ ಹೆಂಗ ವಾಪಸ್ ಬರ್ತದ ಅಂತ ಟೇಬಲ್ಲಿನ ಈ ಕಡೆ ಕುಂತ ನನಗ ಚಲೋ ಗೊತ್ತೈತಿ.

ಲಿಡ್ಕರ್ ಅಧಿಕಾರಿಗಳೇ, ಜಿಐ ಬಗ್ಗೆ ಬೆಂಗಳೂರಾಗ ಸಭೆ ಮಾಡೋದು ಸಾಕು. ಈ ನಾಲ್ಕೂ ತಾಲೂಕಿನ ಕೇರಿಗೇ ಬಂದು ಕುಂದ್ರಿ. ಅಲ್ಲೇ ಅರ್ಜಿ ತುಂಬಿಸ್ರಿ, ಹೆಣ್ಣುಮಕ್ಕಳ ಅರ್ಜಿ ಅವರ ಹೆಸರಿಗೇ ಇರಲಿ. ಈಗಾಗಲೇ ನೋಂದಣಿ ಆದವರ ಪಟ್ಟಿ ತಾಲೂಕುವಾರು ಹೊರಗ ಹಾಕ್ರಿ. ಆ ಒಪ್ಪಂದದ ಪ್ರತಿನೂ ಕೊಡ್ರಿ, ಇಲ್ಲಾಂದ್ರ ಮಾಹಿತಿ ಹಕ್ಕಿನಾಗ ಕೇಳ್ತೀವಿ.

ಅಲ್ಲೀತನಕ ಭಾನುವಾರ ನನಗ ರಜಾ. ಯಾರಿಗೆ ಅರ್ಜಿ ತುಂಬಬೇಕೋ ಇನ್‌ಬಾಕ್ಸಿಗೆ ಬರ್ರಿ, ಇಂಗ್ಲಿಷಿನ್ಯಾಗ ನಾ ಬರೆದು ಕೊಡ್ತೀನಿ. ನೋಟರಿ ಖರ್ಚಿಗೆ ಗೆಳೆಯರು ಯಾರರ ಕೈ ಜೋಡಿಸ್ರಿ.

ಜೈ ಭೀಮ್.